ಗಲ್ಲಾಪೆಟ್ಟಿಗೆಯ ಪಕ್ಕ ನಿಂತ ಕಳ್ಳ

ಕನ್ನ ಹಾಕುವ ಕಳ್ಳ ಗೋಡೆಯಲ್ಲಿ ಒಂದು ತೂತನ್ನಾದರೂ ಬಿಟ್ಟು ಹೋಗುತ್ತಾನೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನಿಗೆ ಏನು ನಡೆದಿದೆ ಎಂದು ಗೊತ್ತಾಗುತ್ತದೆ. 2015ರ ಹೊತ್ತಿಗೆ ಆನ್‌ಲೈನ್ ಅಂಗಡಿಗಳಿಗೆ ನುಗ್ಗಿದ ಕಳ್ಳರು ಅಂಥ ತೂತನ್ನು ಬಿಡಲಿಲ್ಲ. ಬಂದವರು ಹೋಗಲೂ ಇಲ್ಲ. ವ್ಯಾಪಾರ ಎಂದಿನಂತೆ ನಡೆಯಿತು. ಗಿರಾಕಿಗೆ ಸಾಮಾನು ತಲುಪಿತು, ಮಾಲೀಕನ ಖಾತೆಗೆ ಹಣ ಬಂತು. ಗಿರಾಕಿಯ ಕಾರ್ಡ್ ಸಂಖ್ಯೆಯ ನಕಲೊಂದು ಮಾತ್ರ ಸದ್ದಿಲ್ಲದೆ ಬೇರೆ ಕಡೆಗೆ ಹೋಗುತ್ತಿತ್ತು.

ಈ ಅಂಗಡಿಗಳಲ್ಲಿ ಬಹಳಷ್ಟು ನಡೆಯುತ್ತಿದ್ದುದು ಮಜೆಂಟೊ ಎಂಬ ತಂತ್ರಾಂಶದ ಮೇಲೆ. 2008ರಲ್ಲಿ ಬಂದ ಇದರ ಒಂದು ಆವೃತ್ತಿ ಪುಕ್ಕಟೆಯಾಗಿ ಸಿಗುತ್ತಿತ್ತು. ಸಣ್ಣ ವ್ಯಾಪಾರಿ ಯಾರಿಂದಲೋ ಒಮ್ಮೆ ವೆಬ್‌ಸೈಟ್ ಕಟ್ಟಿಸಿ, ಕೂಲಿ ಕೊಟ್ಟು, ತನ್ನ ಸರಕಿನ ಕಡೆ ಗಮನ ಹರಿಸಬಹುದಿತ್ತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಮಜೆಂಟೊದಲ್ಲಿ ಅಂಗಡಿಯನ್ನೇ ಪೂರ್ತಿ ವಶಪಡಿಸಿಕೊಳ್ಳಬಹುದಾದ ಒಂದು ದೋಷವನ್ನು ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಪತ್ತೆಹಚ್ಚಿದರು. 2015ರ ಫೆಬ್ರವರಿಯಲ್ಲಿ ಅದಕ್ಕೆ ತೇಪೆ ಬಂತು. ಏಪ್ರಿಲ್‌ನಲ್ಲಿ ದೋಷದ ವಿವರ ಪ್ರಕಟವಾಯಿತು. ಒಂದೇ ದಿನದಲ್ಲಿ ದಾಳಿಗಳು ಆರಂಭವಾದವು. ತೇಪೆ ಹಾಕಿಕೊಳ್ಳಲು ಮಾಲೀಕರಿಗೆ ಎರಡು ತಿಂಗಳ ಕಾಲಾವಕಾಶವಿತ್ತು. ಆದರೆ ಹಾಕಬೇಕಾದವರು ಯಾರು? ಕಟ್ಟಿಕೊಟ್ಟವನು ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದ. ಕಟ್ಟಿಸಿಕೊಂಡವನಿಗೆ ತೇಪೆ ಎಂಬುದೊಂದಿದೆ ಎಂದೇ ತಿಳಿದಿರಲಿಲ್ಲ.

ಒಳಹೊಕ್ಕವರು ಮಾಡುತ್ತಿದ್ದ ಕೆಲಸ ನೋಡಲು ಚಿಕ್ಕದು. ಅಂಗಡಿಯ ಪುಟಕ್ಕೆ ಜಾವಾಸ್ಕ್ರಿಪ್ಟ್‌ನ ಕೆಲವು ಸಾಲು ಸೇರಿಸುವುದು, ಅಷ್ಟೆ. ಆ ಸಾಲುಗಳು ಓಡುವುದು ಗಿರಾಕಿಯ ಬ್ರೌಸರಿನಲ್ಲಿ. ಮೊದಮೊದಲಿನ ಸಂಕೇತ ಪುಟದ ವಿಳಾಸದಲ್ಲಿ ‘ಚೆಕ್‌ಔಟ್’ ಎಂಬ ಪದ ಬರುವುದನ್ನೇ ಕಾಯುತ್ತಿತ್ತು. ಬಂದೊಡನೆ, ಗಿರಾಕಿ ಟೈಪು ಮಾಡಿದ್ದನ್ನೆಲ್ಲ ಎತ್ತಿಕೊಳ್ಳುತ್ತಿತ್ತು. ವಿಳಾಸದ ಪಕ್ಕದ ಬೀಗದ ಚಿತ್ರ ಇಲ್ಲಿ ಯಾವ ರಕ್ಷಣೆಯನ್ನೂ ಕೊಡದು. ಆ ಬೀಗ ಕಾಯುವುದು ದಾರಿಯನ್ನು. ಕಳ್ಳ ದಾರಿಯಲ್ಲಿಲ್ಲ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಾನೆ.

ಇದನ್ನು ಪಟ್ಟು ಹಿಡಿದು ಎಣಿಸಿದವರು ನೆದರ್ಲೆಂಡ್ಸ್‌ನ ವಿಲೆಮ್ ಡಿ ಗ್ರೂಟ್. 2015ರ ನವೆಂಬರ್‌ನಲ್ಲಿ ಅವರು ಸುಮಾರು 2,55,000 ಆನ್‌ಲೈನ್ ಅಂಗಡಿಗಳನ್ನು ಜಾಲಾಡಿದಾಗ 3,500ರಷ್ಟು ಕಡೆ ಈ ಸಂಕೇತ ಸಿಕ್ಕಿತು. 2016ರ ಅಕ್ಟೋಬರ್ ವೇಳೆಗೆ ಅದು 5,900 ದಾಟಿತ್ತು. ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಅಂಕಿ: ಮೊದಲ ಪಟ್ಟಿಯ ಅಂಗಡಿಗಳಲ್ಲಿ 754 ವರ್ಷ ಕಳೆಯುತ್ತ ಬಂದರೂ ಹಾಗೆಯೇ ಸೋರುತ್ತಿದ್ದವು.

ಡಿ ಗ್ರೂಟ್ ಕೆಲವು ಮಾಲೀಕರಿಗೆ ನೇರವಾಗಿ ಬರೆದು ಎಚ್ಚರಿಸಿದರು. ಬಂದ ಉತ್ತರಗಳು ವಿಚಿತ್ರವಾಗಿದ್ದವು. ಹಣ ಪಾವತಿಯನ್ನು ಬೇರೆ ಕಂಪನಿ ನೋಡಿಕೊಳ್ಳುತ್ತದೆ, ನಮಗೆ ಚಿಂತೆಯಿಲ್ಲ ಎಂದರು ಒಬ್ಬರು. ನಮ್ಮಲ್ಲಿ ಎಚ್‌ಟಿಟಿಪಿಎಸ್ ಇದೆ, ಹಾಗಾಗಿ ನಾವು ಸುರಕ್ಷಿತ ಎಂದರು ಇನ್ನೊಬ್ಬರು. ನಗು ಬರುವುದು ಸಹಜ. ಆದರೆ ಬೀಗದ ಚಿತ್ರ ಕಂಡರೆ ಹೆದರಬೇಕಿಲ್ಲ ಎಂದು ವರ್ಷಗಟ್ಟಲೆ ಜನರಿಗೆ ಹೇಳಿಕೊಟ್ಟವರು ತಂತ್ರಜ್ಞರೇ ಅಲ್ಲವೇ? ಅಂಗಡಿಯವನು ಅದನ್ನು ನಂಬಿದ, ಅಷ್ಟೆ.

ಕೊನೆಗೆ ಡಿ ಗ್ರೂಟ್ ಅಂಗಡಿಗಳ ಹೆಸರುಗಳನ್ನೇ ಬಹಿರಂಗಪಡಿಸಿದರು. ಗಿಟ್‌ಹಬ್ ಆ ಪಟ್ಟಿಯನ್ನು ತೆಗೆದುಹಾಕಿತು. ಗಿಟ್‌ಲ್ಯಾಬ್‌ಗೆ ಒಯ್ದರೆ ಅಲ್ಲಿಯೂ ಮೊದಲು ತೆಗೆದರು. ಆಮೇಲೆ ಕ್ಷಮೆ ಕೇಳಿ ಮರಳಿ ಹಾಕಿದರು. ದುರ್ಬಲ ಅಂಗಡಿಗಳ ವಿಳಾಸವನ್ನು ಕಳ್ಳರಿಗೆ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪ ಪೊಳ್ಳೇನಲ್ಲ. ಆದರೂ ಕಳ್ಳರು ಆಗಲೇ ಒಳಗಿದ್ದರು. ತಿಳಿಯದೆ ಇದ್ದವರು ಕಾರ್ಡ್ ಕೊಡುತ್ತಿದ್ದ ಗಿರಾಕಿಗಳು. ಆ ಪಟ್ಟಿ ಹೊರಬಂದದ್ದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅದೇ ತಿಂಗಳು ಈ ಕಳ್ಳತನಕ್ಕೆ ‘ಮೇಜ್‌ಕಾರ್ಟ್’ ಎಂಬ ಹೆಸರೂ ಬಂತು. ಜಗತ್ತು ಅದನ್ನು ಗಮನಿಸಿದ್ದು 2018ರಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಪುಟಕ್ಕೆ 22 ಸಾಲುಗಳ ಸಂಕೇತ ಹೊಕ್ಕಾಗ. ಆ ಕಂಪನಿಗೆ 2 ಕೋಟಿ ಪೌಂಡ್ ದಂಡ ಬಿತ್ತು, ಪತ್ರಿಕೆಗಳಲ್ಲಿ ದಿನಗಟ್ಟಲೆ ಸುದ್ದಿಯಾಯಿತು. ಸಣ್ಣ ಅಂಗಡಿಗಳ ಸಾವಿರಾರು ಕಳ್ಳತನಗಳನ್ನು ಅಷ್ಟು ಅಕ್ಕರೆಯಿಂದ ಬರೆದವರಿಲ್ಲ.

2018ರಲ್ಲೇ ಡಿ ಗ್ರೂಟ್ ಮತ್ತೊಂದನ್ನು ಗುರುತಿಸಿದರು: ಸೋಂಕಿತ ಅಂಗಡಿಗಳಲ್ಲಿ ಐದರಲ್ಲಿ ಒಂದಕ್ಕೆ, ಶುಚಿಗೊಳಿಸಿದ ಮೇಲೆ ಸೋಂಕು ಮರಳಿ ಬರುತ್ತಿತ್ತು. ಪುಟದಲ್ಲಿ ಕಂಡ ಸಾಲನ್ನು ಅಳಿಸಿದರೆ ಎಲೆ ಕಿತ್ತಂತಾಯಿತು, ಬೇರು ಹಾಗೇ ಉಳಿಯಿತು. ಕಳ್ಳರು ಒಳಗೆ ತಮ್ಮದೇ ಆಡಳಿತ ಖಾತೆ ತೆರೆದಿರುತ್ತಿದ್ದರು. ಡೇಟಾಬೇಸಿನಲ್ಲಿ, ಹೊತ್ತು ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿಯಲ್ಲಿ, ಅಳಿಸಿದ್ದನ್ನು ಮತ್ತೆ ಬರೆಯುವ ಆಜ್ಞೆ ಬಚ್ಚಿಟ್ಟಿರುತ್ತಿದ್ದರು. ಅಂಗಡಿ ಉಳಿಸಿಕೊಳ್ಳಬೇಕೆಂದರೆ ಪ್ರತಿ ಕಡತವನ್ನೂ ಮೂಲ ಪ್ರತಿಯ ಪಕ್ಕಕ್ಕಿಟ್ಟು ನೋಡಬೇಕು, ಗುರುತು ಹತ್ತದ ಖಾತೆಗಳನ್ನು ತೆಗೆಯಬೇಕು, ಗುಪ್ತಪದಗಳನ್ನೆಲ್ಲ ಬದಲಿಸಬೇಕು, ಅವರು ಬಂದ ತೂತಿಗೆ ತೇಪೆ ಹಾಕಬೇಕು. ಇಬ್ಬರು ನೌಕರರ ಅಂಗಡಿಯಲ್ಲಿ ಇದನ್ನು ಮಾಡುವವರಾರು ಎಂಬ ಹಳೆಯ ಪ್ರಶ್ನೆ ಅಲ್ಲೇ ಇತ್ತು.

2020ರ ಜೂನ್ 30ಕ್ಕೆ ಮಜೆಂಟೊ ಒಂದನೆಯ ಆವೃತ್ತಿಗೆ ತೇಪೆ ಬರುವುದೇ ನಿಂತಿತು. ಸೆಪ್ಟೆಂಬರ್‌ನ ಒಂದು ವಾರಾಂತ್ಯದಲ್ಲಿ ಸುಮಾರು 2,000 ಅಂಗಡಿಗಳಿಗೆ ಕಳ್ಳ ಸಂಕೇತ ಹೊಕ್ಕಿತು. ಬಹುಪಾಲು ಆ ಹಳೆಯ ಆವೃತ್ತಿಯವೇ. ಡಿ ಗ್ರೂಟರ ಸ್ಯಾನ್‌ಸೆಕ್ ಸಂಸ್ಥೆಯ ಲೆಕ್ಕದ ಪ್ರಕಾರ, ಆಗಲೂ ಸುಮಾರು 95,000 ಅಂಗಡಿಗಳು ಅದೇ ಆವೃತ್ತಿಯ ಮೇಲೆ ವ್ಯಾಪಾರ ಮಾಡುತ್ತಿದ್ದವು.