ಮೂರು ದಿನದ ಕೂಲಿ, ಆರು ಸಾವಿರ ಕೋಟಿ ಡಾಲರ್

ನೋಡಿ, ವಾಂತಿಭೇದಿ ಅಂದ್ರೆ ನಮ್ಮ ಚಾನೆಲ್‌ನವರಿಗೆ ಸುದ್ದಿಯೇ ಅಲ್ಲ. ಸಾವಾದರೆ ಮಾತ್ರ ಸುದ್ದಿ. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಬೆನ್ನಿಗೇ ವಾಂತಿಭೇದಿ ಹಬ್ಬಿ ಜನ ಸತ್ತರು. ಕ್ಯಾಮೆರಾಗಳು ಓಡಿದವು. ಕಲುಷಿತ ನೀರಿನತ್ತ ಎಲ್ಲರೂ ಬೊಟ್ಟು ಮಾಡಿದರು. ಆ ಸಾವುಗಳನ್ನು ನಾನೀಗ ಹೇಳಹೊರಟಿರುವ ವೈರಸ್‌ನ ಖಾತೆಗೆ ಹಾಕುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಸಾಯದೆ, ಮೂರು ದಿನ ಹಾಸಿಗೆ ಹಿಡಿದು ಎದ್ದವರ ಲೆಕ್ಕ ಇಟ್ಟವರು ಯಾರು?

ಇಟ್ಟಿದ್ದಾರೆ. ಕಥೆ ಶುರುವಾಗೋದು ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಎಂಬ ಊರಲ್ಲಿ. 1968ರಲ್ಲಿ ಅಲ್ಲಿನ ಒಂದು ಪ್ರಾಥಮಿಕ ಶಾಲೆಯ ಸುಮಾರು ಅರ್ಧದಷ್ಟು ಮಕ್ಕಳು, ಮೇಷ್ಟ್ರುಗಳು ಒಟ್ಟಿಗೇ ವಾಂತಿ ಮಾಡಿಕೊಂಡು ಮಲಗಿದರು. ಕಾರಣ ಸಿಗಲಿಲ್ಲ. ಆಗ ತೆಗೆದಿಟ್ಟಿದ್ದ ಮಾದರಿಯ ಜಾಡು ಹಿಡಿದು 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸನ್ನು ಕಂಡರು. ಊರಿನ ಹೆಸರೇ ಅದಕ್ಕಂಟಿತು. ಅದೇ ಇವತ್ತಿನ ನೊರೊವೈರಸ್.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಜಾಗತಿಕ ಬಿಲ್ ಹಾಕಿತು. ವರ್ಷಕ್ಕೆ ಸುಮಾರು 70 ಕೋಟಿ ಬಾರಿ ಕಾಯಿಲೆ, 2 ಲಕ್ಷಕ್ಕೂ ಮೀರಿದ ಸಾವು. ಆಸ್ಪತ್ರೆ, ಔಷಧಿಯ ಖರ್ಚು 420 ಕೋಟಿ ಡಾಲರ್. ಸಮಾಜಕ್ಕಾಗುವ ನಷ್ಟ? 6,030 ಕೋಟಿ ಡಾಲರ್! ದೊಡ್ಡ ಪಾಲು ಕೆಲಸಕ್ಕೆ ಹೋಗಲಾಗದ ದಿನಗಳದ್ದು, ಅಕಾಲಿಕ ಸಾವುಗಳದ್ದು.

ನನಗೆ ಕಸಿವಿಸಿಯಾಗೋದು ಇಲ್ಲೇ. ಇಂಥ ಲೆಕ್ಕದಲ್ಲಿ ದಿನದ ಬೆಲೆ ಕಟ್ಟೋದು ಆಯಾ ದೇಶದ ವರಮಾನ ನೋಡಿ. ಓಹಾಯೊದ ಗುಮಾಸ್ತ ಮೂರು ದಿನ ಮಲಗಿದರೆ ನೂರಾರು ಡಾಲರ್ ನಷ್ಟ. ಕೊರಟಗೆರೆಯ ಸಿದ್ದರಬೆಟ್ಟದ ತಪ್ಪಲಲ್ಲಿ ಕಡ್ಲೆಕಾಯಿ ಕೀಳೋಕೆ ಹೋಗುವ ಹೆಂಗಸು ಮಲಗಿದರೆ ಕೆಲವೇ ಡಾಲರ್. ಆದರೆ ಆಕೆಯ ಮನೆಯಲ್ಲಿ ಆ ವಾರ ಅಂಗಡಿ ಸಾಲ ಏರುತ್ತೆ, ಸಂಘದ ಕಂತು ತಪ್ಪುತ್ತೆ. ಹಾಸಿಗೆ ಹಿಡಿದದ್ದು ಮಗುವಾದರೂ ಕೂಲಿ ಹೋಗೋದು ತಾಯಿಯದ್ದೇ. ಯಾರ ನಷ್ಟ ದೊಡ್ಡದು ಸ್ವಾಮಿ?

ಮಕ್ಕಳನ್ನು ಕಾಡುವ ರೋಟಾವೈರಸ್‌ಗೆ ನಮ್ಮ ದೇಶದಲ್ಲೇ ಲಸಿಕೆ ತಯಾರಾಗಿ, 2016ರಿಂದ ಸರ್ಕಾರಿ ಕಾರ್ಯಕ್ರಮಕ್ಕೂ ಸೇರಿತು. ನೊರೊವೈರಸ್‌ಗೆ ಅಂಥದ್ದು ಬಂದಿಲ್ಲ. ಕೊರೋನಾ ಕಾಲದಲ್ಲಿ ಅಭ್ಯಾಸವಾದ ಸ್ಯಾನಿಟೈಸರ್‌ಗೂ ಇದು ಅಷ್ಟಾಗಿ ಬಗ್ಗೋದಿಲ್ಲ. ಶುದ್ಧ ಕುಡಿಯುವ ನೀರು, ಕೈ ತೊಳೆಯಲು ಸೋಪು, ಹರಿಯುವ ನಲ್ಲಿ, ಇಷ್ಟು ಬೇಕು. ನಮ್ಮ ಜಾತ್ರೆಗಳ ಅನ್ನಸಂತರ್ಪಣೆಯ ಪಟ್ಟಿಯಲ್ಲಿ ಬೆಲ್ಲ, ಬೇಳೆ, ತುಪ್ಪ ಎಲ್ಲ ಇರುತ್ತೆ. ಸೋಪು ಬರೆದಿದ್ದನ್ನು ನಾನಂತೂ ನೋಡಿಲ್ಲ.