ಮೂರನೆಯ ಸಾಲು

ಮೋಟಾರುಗಾಡಿ ಕೊಳ್ಳಲು ಹೊರಟ ಗೃಹಸ್ಥರನ್ನು ನೀವು ನೋಡಿದ್ದೀರಷ್ಟೆ. ಅಂಗಡಿಯಲ್ಲಿ ಥಳಥಳಿಸುತ್ತ ನಿಂತ ಏಳು ಜನರ ಗಾಡಿಯನ್ನು ಕಂಡೊಡನೆ ನೇರವಾಗಿ ಹೋಗಿ ಚಾಲಕನ ಆಸನದಲ್ಲಿ ಕೂರುತ್ತಾರೆ. ಸ್ಟಿಯರಿಂಗನ್ನು ಎರಡು ಸಲ ಸವರಿ ಮೈಲೇಜು ಎಷ್ಟೆಂದು ಕೇಳುತ್ತಾರೆ. ಯಾವ ಸಾಲಿನ ಸಲುವಾಗಿ ಐದು ಜನರ ಕಾರನ್ನು ಬಿಟ್ಟು ಇಲ್ಲಿಗೆ ಬಂದರೋ ಆ ಮೂರನೆಯ ಸಾಲಿಗೆ ಹತ್ತಿ ನೋಡುವವರು ಅಪರೂಪ. ಅಲ್ಲಿ ಕೂರಬೇಕಾದ ಮುದಿ ತಾಯಿಯಾಗಲಿ ಸಣ್ಣ ಮಕ್ಕಳಾಗಲಿ ಅಂಗಡಿಗೇ ಬಂದಿರುವುದಿಲ್ಲ.

ಆ ಸಾಲಿಗೂ ಒಂದು ಚರಿತ್ರೆಯುಂಟು. ಅದನ್ನು ತಿಳಿದವರಿಗೆ ಗಾಡಿಯ ಗುಣದೋಷಗಳು ತಾವಾಗಿಯೇ ಕಾಣಿಸತೊಡಗುತ್ತವೆ.

ಅಮೆರಿಕದಲ್ಲಿ ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಒಯ್ಯಲು ಮರದ ಮೈಯ ಮೋಟಾರುಗಳಿದ್ದವು. ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂದದ್ದು ಹಾಗೆ. 1935ರಲ್ಲಿ ಷೆವರ್ಲೆಯವರು ಸರಕುಗಾಡಿಯ ಛಾಸಿಯ ಮೇಲೆ ಉಕ್ಕಿನ ಮೈ ಕಟ್ಟಿ, ಎಂಟು ಜನ ಕೂರುವ ಸಬರ್ಬನ್ ಗಾಡಿಯನ್ನು ಹೊರತಂದರು. ಬೇಡವೆನಿಸಿದಾಗ ಆಸನಗಳನ್ನು ಕಿತ್ತು ಹೊರಗಿಟ್ಟು ಸಾಮಾನು ತುಂಬಬಹುದಾಗಿತ್ತು. ಸಾಮಾನಿನ ಜಾಗದಲ್ಲಿ ಮನುಷ್ಯನನ್ನು ಕೂರಿಸಿದ್ದು ಮೂರನೆಯ ಸಾಲಿನ ಹುಟ್ಟುಗುಣ. ಅದು ಇಂದಿಗೂ ಪೂರ್ತಿ ಹೋಗಿಲ್ಲ. 1957ರ ಪ್ಲಿಮತ್ ವ್ಯಾಗನ್ನಿನಲ್ಲಿ ಈ ಸಾಲನ್ನು ಹಿಮ್ಮುಖವಾಗಿ ತಿರುಗಿಸಿಟ್ಟರು. ಹಿಂದೆ ಬರುವವರಿಗೆ ಕೈ ಬೀಸುತ್ತ ಹೋಗುವುದು ಮಕ್ಕಳಿಗೆ ಪರಮಾನಂದ. ಹಿಂದಿನಿಂದ ಯಾವುದಾದರೂ ಗಾಡಿ ಬಂದು ಗುದ್ದಿದರೆ ಮೊದಲ ಪೆಟ್ಟು ತಗಲುವುದೂ ಆ ಮಕ್ಕಳಿಗೇ.

ಈ ಸಾಲಿಗೆ ಮೊದಲ ಸಲ ಮರ್ಯಾದೆ ಸಿಕ್ಕಿದ್ದು 1983ರ ಕೊನೆಯಲ್ಲಿ, ಕ್ರೈಸ್ಲರ್ ಕಂಪನಿಯ ಮಿನಿವ್ಯಾನಿನಲ್ಲಿ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೇ ಹೋದದ್ದರಿಂದ ನೆಲದಡಿ ಪ್ರೊಪೆಲ್ಲರ್ ಶಾಫ್ಟ್ ಬೇಕಾಗಲಿಲ್ಲ. ನೆಲ ತಗ್ಗಾಯಿತು, ಸಪಾಟಾಯಿತು. ಇಷ್ಟು ಒಳ್ಳೆಯ ಗಾಡಿಗೆ ಕಾಲಕ್ರಮದಲ್ಲಿ ಬಂದ ಅಪವಾದವೆಂದರೆ, ಅದು ಮಕ್ಕಳನ್ನು ಶಾಲೆಗೆ ಬಿಡುವವರ ಗಾಡಿ ಎಂಬುದು! ಜೀಪಿನ ಠೀವಿಯೂ ಬೇಕು, ಕಾರಿನ ಮೆತ್ತನೆಯ ಸವಾರಿಯೂ ಬೇಕು ಎಂದವರಿಗಾಗಿ ಕಾರಿನ ಕಟ್ಟಡವನ್ನೇ ಎತ್ತರಿಸಿ ಕ್ರಾಸ್‌ಓವರ್ ಮಾಡಿದರು. ಹೋಂಡಾದವರ ಎಂಟು ಜನರ ಪೈಲಟ್ 2002ರಲ್ಲಿ ಬಂತು. ಹೊರಗಿನ ಅಂದಕ್ಕಾಗಿ ಎಷ್ಟೋ ಗಾಡಿಗಳಲ್ಲಿ ಮಾಡು ಹಿಂದಕ್ಕೆ ಇಳಿಯಿತು. ಅಂದದ ಬೆಲೆಯನ್ನು ತೆತ್ತವರು ಹಿಂದೆ ಕೂತವರು.

ನಮ್ಮಲ್ಲಿ ಟಾಟಾ ಸುಮೋ 1994ರಲ್ಲಿ ಬಂದಾಗ ಹಿಂದೆ ಎದುರುಬದುರಾಗಿ ಅಡ್ಡ ಬೆಂಚುಗಳಿದ್ದವು. ಎತ್ತಿನಗಾಡಿಯಲ್ಲಿ ಕೂತು ಅಭ್ಯಾಸವಿದ್ದ ನಮಗೆ ಅದೇನೂ ವಿಚಿತ್ರವೆನಿಸಲಿಲ್ಲ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಹೊರಟಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಎರಡಕ್ಕೂ ಬೇರೆ ಛಾಸಿ, ಹಿಂದಿನ ಚಕ್ರಗಳಿಗೆ ಬಲ. ಛಾಸಿಯೂ ಮೈಯೂ ಒಂದೇ ಆದ ಏಳು ಜನರ ಎಕ್ಸ್‌ಯುವಿ 500 ಅನ್ನು ಮಹೀಂದ್ರಾದವರು 2011ರಲ್ಲಿ ತಂದರು. ಇನ್ನೋವಾ ಆ ದಾರಿಗೆ ಹೊರಳಿದ್ದು 2022ರ ನವೆಂಬರಿನಲ್ಲಿ ಕಾಣಿಸಿಕೊಂಡ ಹೈಕ್ರಾಸ್‌ನಿಂದ. ಇದು ಬರಿಯ ಯಂತ್ರದ ಮಾತಲ್ಲ. ಛಾಸಿ, ಆಕ್ಸಲ್ಲುಗಳ ಮೇಲೆ ನೆಲ ಎತ್ತರವಾದರೆ, ಮಾಡು ಅಡ್ಡ ಬರುವುದರಿಂದ ಆಸನವನ್ನು ಅಷ್ಟೇ ಎತ್ತರಿಸಲಾಗುವುದಿಲ್ಲ. ಮೊಣಕಾಲು ಎದೆಯ ಕಡೆಗೆ ಬರುತ್ತದೆ.

ನಮ್ಮ ಮನೆಗೆ ಬಂದಿದ್ದ ಗಾಡಿ ಅಂಥದು. ಅದರ ಹೆಸರು ಬೇಡ. ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳ ಮುಟ್ಟಿದಾಗ ನಮ್ಮ ತಾಯಿಯವರಿಗೆ ಇಳಿದು ನಿಲ್ಲಲು ಆಗಲಿಲ್ಲ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಿರಲಿಲ್ಲ. ನಿದ್ರೆ ಮಾಡುತ್ತಿದ್ದಾರೆಂದು ನಾವು ತಿಳಿದಿದ್ದೆವು.

ಸುರಕ್ಷತೆಯ ನಕ್ಷತ್ರಗಳನ್ನು ನೋಡಿ ಕೊಂಡರಾಯಿತೆನ್ನುವವರುಂಟು. ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರಿನಿಂದ ನಡೆಯುತ್ತಿದೆ, ಒಳ್ಳೆಯ ಕೆಲಸವೇ. ಆದರೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂದಿನಿಂದ ಗುದ್ದಿಸುವಾಗ ದೊಡ್ಡವರ ಬೊಂಬೆಗಳು ಮೊದಲ ಸಾಲಿನಲ್ಲಿ, ಮಕ್ಕಳ ಬೊಂಬೆಗಳು ಎರಡನೆಯದರಲ್ಲಿ ಇರುತ್ತವೆ. ಮೂರನೆಯ ಸಾಲಿನ ಮಾತನ್ನು ನಾವೇ ಕೇಳಿ ತಿಳಿಯಬೇಕು: ಪಕ್ಕದ ಏರ್‌ಬ್ಯಾಗ್ ಅಲ್ಲಿಯವರೆಗೆ ಬರುತ್ತದೆಯೆ? ಪ್ರತಿಯೊಬ್ಬರಿಗೂ ಹೆಗಲಿನ ಮೇಲಿಂದ ಬರುವ ಬೆಲ್ಟ್ ಇದೆಯೆ? ತಲೆಗೂ ಹಿಂಬಾಗಿಲ ಗಾಜಿಗೂ ಎಷ್ಟು ಅಂತರ? ಏಳೂ ಜನ ಕೂತ ಮೇಲೆ ಪೆಟ್ಟಿಗೆಗಳೆಲ್ಲಿ?

ಮೊನ್ನೆ ತಮ್ಮ ಹೊಸ ಗಾಡಿ ನೋಡಲು ಹೊರಟಾಗ ಅಮ್ಮನನ್ನೂ ಕರೆದುಕೊಂಡು ಹೋದೆವು. ನಡುವಿನ ಆಸನ ಮಡಿಸಿ, ಕೈ ಹಿಡಿದು ಹತ್ತಿಸಿದೆವು. ಅವರು ಸ್ವಲ್ಪ ಹೊತ್ತು ಅಲ್ಲಾಡದೆ ಕೂತು, “ಕಾಲು ನೆಲಕ್ಕೆ ತಾಗುತ್ತೆ ಕಣೋ,” ಎಂದರು. ಆಮೇಲೆ, “ನೀವು ಮುಂದೆ ಕೂತು ಮಾತಾಡೋದು ಇಲ್ಲಿಗೆ ಕೇಳಿಸುತ್ತೇನೋ?” ಎಂದು ಕೇಳಿದರು. ಮಾರಾಟದ ಹುಡುಗ ಮುಂದಿನ ಆಸನಕ್ಕೆ ಹೋಗಿ ಕೂತು ಮಾತನಾಡಿ ತೋರಿಸಿದ.