ಸ್ವಿಗ್: ರ‍್ಯಾಪರ್ ಕೋಡ್ ಬರೆದುಕೊಡುವ ತಂತ್ರಾಂಶ

ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಕಂಪೈಲ್ ಮಾಡಿದ ಫಂಕ್ಷನ್‌ಗಳನ್ನು ಪೈಥಾನ್, ಪರ್ಲ್, ರೂಬಿಯಂಥ ಸ್ಕ್ರಿಪ್ಟಿಂಗ್ ಭಾಷೆಗಳಿಂದ ಕರೆಯಬೇಕಾದರೆ ನಡುವೆ ಇನ್ನೊಂದು ಪದರ ಕೋಡ್ ಬೇಕು. ಅದಕ್ಕೆ ರ‍್ಯಾಪರ್ ಎನ್ನುತ್ತಾರೆ. ಆ ಪದರವನ್ನು ತಾನಾಗಿ ಬರೆದುಕೊಡುವ ಮುಕ್ತ ತಂತ್ರಾಂಶಗಳಲ್ಲಿ ಹಳೆಯದೂ ಹೆಚ್ಚು ಬಳಕೆಯಲ್ಲಿರುವುದೂ ಆದ ಒಂದು, ಸ್ವಿಗ್.

ಡೇವಿಡ್ ಬೀಜ್ಲಿ ಇದನ್ನು 1995ರಲ್ಲಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಆರಂಭಿಸಿದರು. ಅಲ್ಲಿನ ಭೌತವಿಜ್ಞಾನಿಗಳು ಲಕ್ಷಾಂತರ ಪರಮಾಣುಗಳ ಚಲನೆಯನ್ನು ಸಿ ಪ್ರೋಗ್ರಾಮಿನಿಂದ ಲೆಕ್ಕಹಾಕುತ್ತಿದ್ದರು. ಪ್ರತಿ ಸಣ್ಣ ಬದಲಾವಣೆಗೂ ಮತ್ತೆ ಕಂಪೈಲ್ ಮಾಡುವ ಬದಲು ಪ್ರಯೋಗವನ್ನು ಸ್ಕ್ರಿಪ್ಟಿನಿಂದಲೇ ನಡೆಸುವುದು ಉದ್ದೇಶವಾಗಿತ್ತು. 1996ರಲ್ಲಿ ಸ್ವಿಗ್ ಸಾರ್ವಜನಿಕರಿಗೆ ಬಿಡುಗಡೆಯಾಯಿತು.

ಬಳಕೆದಾರರು ಮೊದಲು ಒಂದು ಇಂಟರ್‌ಫೇಸ್ ಕಡತ ಬರೆಯುತ್ತಾರೆ. ಮಾಡ್ಯೂಲಿನ ಹೆಸರು, ಹೊರಗೆ ಕಾಣಬೇಕಾದ ಫಂಕ್ಷನ್‌ಗಳ ಘೋಷಣೆ ಅದರಲ್ಲಿರುತ್ತವೆ. ಹೆಡರ್ ಕಡತವನ್ನೇ ಸೇರಿಸಿಬಿಡುವುದೂ ಉಂಟು. ಪೈಥಾನ್‌ಗಾಗಿ ಸ್ವಿಗ್ ಓಡಿಸಿದರೆ ಎರಡು ಕಡತ ಸಿಗುತ್ತವೆ: ಸಿ ರ‍್ಯಾಪರ್ ಒಂದು, ಪೈಥಾನ್ ಮಾಡ್ಯೂಲ್ ಇನ್ನೊಂದು. ರ‍್ಯಾಪರನ್ನು ಮೂಲ ಕೋಡಿನೊಡನೆ ಕಂಪೈಲ್ ಮಾಡಿ ಲಿಂಕ್ ಮಾಡಿದರೆ ಪೈಥಾನ್ ಅದನ್ನು ಇಂಪೋರ್ಟ್ ಮಾಡಿಕೊಳ್ಳಬಹುದು.

ಒಂದು ಪೂರ್ಣಾಂಕ ಪಡೆದು ಅದರ ಫ್ಯಾಕ್ಟೋರಿಯಲ್ ಕೊಡುವ ಸಿ ಫಂಕ್ಷನ್ ಇದೆಯೆನ್ನೋಣ. ಅದರ ರ‍್ಯಾಪರ್ ಪೈಥಾನ್ ಸಂಖ್ಯೆಯನ್ನು ಬಿಚ್ಚಿ ಸಿ ಪೂರ್ಣಾಂಕವಾಗಿಸುತ್ತದೆ, ಮೂಲ ಫಂಕ್ಷನನ್ನು ಕರೆಯುತ್ತದೆ, ಬಂದ ಉತ್ತರವನ್ನು ಮತ್ತೆ ಪೈಥಾನ್ ಸಂಖ್ಯೆಯಾಗಿಸಿ ಹಿಂದಿರುಗಿಸುತ್ತದೆ. ಸಂಖ್ಯೆಯ ಬದಲು ಅಕ್ಷರಗಳನ್ನು ಕೊಟ್ಟರೆ, ಅಥವಾ 32 ಬಿಟ್‌ಗೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಕೊಟ್ಟರೆ, ಬಾಗಿಲಲ್ಲೇ ತಡೆದು ದೋಷ ಸೂಚಿಸುತ್ತದೆ. ಆದರೆ 13ನ್ನು ಕೊಟ್ಟರೆ ತಡೆಯುವುದಿಲ್ಲ. 12ರ ಫ್ಯಾಕ್ಟೋರಿಯಲ್ 47,90,01,600. ಮುಂದಿನದು 32 ಬಿಟ್ ಪೂರ್ಣಾಂಕದ ಮಿತಿ ಮೀರುತ್ತದೆ. ಸಾಮಾನ್ಯವಾಗಿ ತಪ್ಪು ಉತ್ತರ ಸದ್ದಿಲ್ಲದೆ ಪೈಥಾನ್‌ಗೆ ತಲುಪುತ್ತದೆ. ರ‍್ಯಾಪರ್ ಕಾಯುವುದು ಗಡಿಯನ್ನು ಮಾತ್ರ. ಒಳಗಿನ ಲೆಕ್ಕ ಸಿ ಭಾಷೆಯ ನಿಯಮದಂತೆಯೇ ನಡೆಯುತ್ತದೆ.

ಈ ವಿಧಾನದ ನಿಜವಾದ ತೊಡಕು ಪಾಯಿಂಟರ್‌ಗಳಲ್ಲಿದೆ. ಫಂಕ್ಷನ್ ಪೂರ್ಣಾಂಕಕ್ಕೆ ಪಾಯಿಂಟರ್ ಕೇಳಿದರೆ ಅದು ಒಂದೇ ಸಂಖ್ಯೆಯೋ, ಇಡೀ ಅರೇಯೋ, ಉತ್ತರ ತುಂಬಿಕೊಡಲು ಇಟ್ಟ ಖಾಲಿ ಜಾಗವೋ ಎಂಬುದು ಘೋಷಣೆಯಿಂದ ತಿಳಿಯದು. ಸಿ ಪ್ರೋಗ್ರಾಮರ್‌ಗೆ ಕೈಪಿಡಿ ಓದಿ ಗೊತ್ತಿರುವ ಈ ಸಂಗತಿಯನ್ನು ಸ್ವಿಗ್‌ಗೆ ಬಿಡಿಸಿ ಹೇಳಬೇಕು. ಹೇಳುವ ಸಾಧನ ಟೈಪ್‌ಮ್ಯಾಪ್: ಇಂಥ ಟೈಪು, ಇಂಥ ಹೆಸರಿನ ಆರ್ಗ್ಯುಮೆಂಟ್ ಕಂಡರೆ ಹೀಗೆ ಪರಿವರ್ತಿಸು ಎಂಬ ನಿಯಮ. ಸ್ವಿಗ್ ಕಲಿಯುವವರ ಹೆಚ್ಚಿನ ಶ್ರಮ ಹೋಗುವುದು ಇಲ್ಲಿಯೇ.

ಮೆಮೊರಿಯ ಒಡೆತನವೂ ಇಂಥದ್ದೇ. ಸಿ ಫಂಕ್ಷನ್ ಹೊಸದಾಗಿ ಮೆಮೊರಿ ಪಡೆದು ಅದರಲ್ಲಿ ಸ್ಟ್ರಿಂಗ್ ಬರೆದು ಕೊಟ್ಟರೆ ರ‍್ಯಾಪರ್ ಅದರ ನಕಲನ್ನು ಪೈಥಾನ್‌ಗೆ ಒಪ್ಪಿಸುತ್ತದೆ. ಮೂಲ ಪ್ರತಿಯನ್ನು ಬಿಡುಗಡೆ ಮಾಡುವವರಿರುವುದಿಲ್ಲ, ಕರೆದಷ್ಟೂ ಮೆಮೊರಿ ಸೋರುತ್ತದೆ. ಅದು ಹೊಸ ವಸ್ತು ಎಂದು ಇಂಟರ್‌ಫೇಸ್ ಕಡತದಲ್ಲಿ ನಮೂದಿಸಿದರೆ ಸೋರಿಕೆ ನಿಲ್ಲುತ್ತದೆ. ತಪ್ಪಾಗಿ ನಮೂದಿಸಿದರೆ ಒಂದೇ ಮೆಮೊರಿಯನ್ನು ಎರಡು ಕಡೆಯಿಂದಲೂ ಬಿಡುಗಡೆ ಮಾಡಿ ಪ್ರೋಗ್ರಾಮ್ ಕುಸಿಯಬಹುದು.

ಸಿ ಪ್ಲಸ್ ಪ್ಲಸ್ ಕ್ಲಾಸ್‌ಗಳಿಗೆ ಸ್ವಿಗ್ ಅದೇ ಹೆಸರಿನ ಪ್ರಾಕ್ಸಿ ಕ್ಲಾಸ್ ಸೃಷ್ಟಿಸುತ್ತದೆ. ಟೆಂಪ್ಲೇಟ್‌ಗಳಲ್ಲಿ ಯಾವ ಟೈಪಿನವು ಬೇಕೆಂದು ಮೊದಲೇ ಹೆಸರಿಸಬೇಕು. ಡೈರೆಕ್ಟರ್ ಸೌಲಭ್ಯವಿದ್ದರೆ ಪೈಥಾನ್‌ನಲ್ಲಿ ಬರೆದ ಮೆಥಡನ್ನು ಸಿ ಪ್ಲಸ್ ಪ್ಲಸ್ ಕೋಡೇ ಕರೆಯಬಹುದು.

ಇದೇ ಕೆಲಸಕ್ಕೆ ಬೇರೆ ದಾರಿಗಳೂ ಇವೆ. ಫೋರ್ಟ್ರಾನ್ ಕೋಡಿಗೆ ನಮ್‌ಪೈ ಲೈಬ್ರರಿಯ ಜೊತೆ ಬರುವ ಎಫ್‌ಟುಪೈ ಇದೆ. 2006ರಲ್ಲಿ ಪೈಥಾನ್ 2.5ರೊಂದಿಗೆ ಬಂದ ಸಿಟೈಪ್ಸ್‌ಗೆ ರ‍್ಯಾಪರ್ ಕಂಪೈಲ್ ಮಾಡುವ ಅಗತ್ಯವೇ ಇಲ್ಲ, ಆದರೆ ಟೈಪ್ ತಪ್ಪಾಗಿ ಬರೆದರೆ ಹಿಡಿಯುವವರೂ ಇಲ್ಲ. ವೆಂಜೆಲ್ ಯಾಕೋಬ್ ಅವರ ಪೈಬೈಂಡ್11ರಲ್ಲಿ ಬೈಂಡಿಂಗನ್ನು ಸಿ ಪ್ಲಸ್ ಪ್ಲಸ್‌ನಲ್ಲೇ ಕೈಯಾರೆ ಬರೆಯಬೇಕು. ಪೈಥಾನ್ ಒಂದೇ ಸಾಕು ಎನ್ನುವವರಿಗೆ ಅದು ಹೆಚ್ಚು ಸರಳ. ಗ್ನು ರೇಡಿಯೋ ಎಂಬ ತಂತ್ರಾಂಶ ತನ್ನ 3.9ನೆಯ ಆವೃತ್ತಿಯಲ್ಲಿ ಸ್ವಿಗ್ ಬಿಟ್ಟು ಪೈಬೈಂಡ್11ಕ್ಕೆ ಬದಲಾಯಿತು. ಹಲವು ಭಾಷೆಗಳನ್ನು ಒಟ್ಟಿಗೆ ತಲುಪಬೇಕಾದಲ್ಲಿ ಸ್ವಿಗ್ ಉಳಿದಿದೆ: ಭೂಪಟ ದತ್ತಾಂಶಗಳ ಜಿಡಿಎಎಲ್ ಲೈಬ್ರರಿಯ ಪೈಥಾನ್, ಜಾವಾ, ಸಿ ಶಾರ್ಪ್ ಬೈಂಡಿಂಗ್‌ಗಳು ತಯಾರಾಗುವುದು ಇದರಿಂದಲೇ.